ಉಪ್ಪು ಹೆಚ್ಚಾದ ಪುಂಡಿಪಲ್ಯ

ತಿಳಿಗೊಳದ ಮಠವೆಂದರೆ ಆಗ ಎರಡು ಕೋಣೆಯ ಮಣ್ಣಿನ ಮನೆ, ಮುಂದೊಂದು ಬೇವಿನ ಮರ, ಅಷ್ಟೆ. ಪೂಜ್ಯ ಶಿವಶಾಂತ ಅಜ್ಜನವರು ಆ ಮರದ ಕೆಳಗೆ ಗೋಣಿತಟ್ಟಿನ ಮೇಲೆ ಕುಳಿತು, ಅವರೆಕಾಯಿ ಸುಲಿಯುತ್ತಲೇ ಭಕ್ತರ ಸುಖದುಃಖ ಕೇಳುತ್ತಿದ್ದರು. ಬಂದವರ ಮುಂದೆಯೂ ಒಂದು ಹಿಡಿ ಕಾಯಿ ಸರಿಸುತ್ತಿದ್ದರು.

ಅಂಥದೊಂದು ಬೆಳಗ್ಗೆ ಅಡುಗೆಯ ರಾಚಯ್ಯ ಅಲ್ಲಿಗೆ ಬಂದ. ಸುತ್ತಲ ಹಳ್ಳಿಗಳಲ್ಲಿ ಮದುವೆಯೆಂದರೆ ಅವನ ಕೈಯಡುಗೆಯೇ ಆಗಬೇಕು. ಅವನು ಮಾಡಿದ ಸಿಹಿ ಮಾದಲಿಯ ಮಾತು ಬೀಗರ ಊರಿನವರೆಗೂ ಹೋಗುತ್ತಿತ್ತು. ಆದರೆ ಆರು ತಿಂಗಳಿಂದ ಅವನ ನಾಲಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಸಿಹಿ, ಹುಳಿ, ಖಾರ ಎಲ್ಲವೂ ಮಣ್ಣು ತಿಂದಂತೆ. ವೈದ್ಯರ ಕಷಾಯಗಳಿಂದಲೂ ಗುಣ ಕಾಣಲಿಲ್ಲ. ಅಂದಾಜಿನ ಮೇಲೆ ಅಡುಗೆ ಸಾಗಿಸುತ್ತ, ಎಂದು ಗುಟ್ಟು ರಟ್ಟಾದೀತೋ ಎಂದು ಒಳಗೊಳಗೇ ನಡುಗುತ್ತಿದ್ದ. ಸಾಧುಸಂತರಲ್ಲಿ ಅವನಿಗೆ ನಂಬಿಕೆ ಅಷ್ಟಕ್ಕಷ್ಟೆ. ಹೆಂಡತಿ ನೀಲವ್ವನ ಒತ್ತಾಯಕ್ಕೆ ಬಂದಿದ್ದ.

ಎಲ್ಲವನ್ನೂ ಆಲಿಸಿದ ಅಜ್ಜನವರು, "ನೀ ಊಟ ಎಲ್ಲಿ ಮಾಡ್ತೀಯಪಾ?" ಎಂದು ಕೇಳಿದರು.

"ಒಲಿ ಮುಂದ ನಿಂತಲ್ಲೇ ಎರಡು ತುತ್ತು ಬಾಯಾಗ ಹಾಕ್ಕೋತೀನ್ರೀ ಅಜ್ಜಾರ."

"ಮನ್ಯಾಗ?"

"ಮನ್ಯಾಗ ಏನೈತ್ರೀ? ಅದ ರೊಟ್ಟಿ, ಅದ ಪಲ್ಯ. ಅಲ್ಲಿ ಕೂತು ಉಂಡು ಎಷ್ಟ್ ವರ್ಷ ಆತೋ!"

ಅಜ್ಜನವರು ನಕ್ಕರು. "ನಾಳೆ ಮಧ್ಯಾಹ್ನ ನಿಮ್ಮನಿಗೆ ಪ್ರಸಾದಕ್ಕ ಬರ್ತೀನಿ. ನೀ ಮಾತ್ರ ಒಲಿ ಮುಟ್ಟಬ್ಯಾಡ."

ಮರುದಿನ ರಾಚಯ್ಯನ ಮನೆಯಲ್ಲಿ ಗಡಿಬಿಡಿಯೋ ಗಡಿಬಿಡಿ. ಗಾಬರಿಯಲ್ಲಿ ನೀಲವ್ವ ಹುಳಿ ಸೊಪ್ಪಿನ ಪುಂಡಿಪಲ್ಯಕ್ಕೆ ಉಪ್ಪು ಹಾಕಿದಳು. ಅವ್ವನಿಗೆ ನೆರವಾಗಲೆಂದು ಎಂಟು ವರ್ಷದ ಮಗಳು ಗಿರಿಜಾ ಮತ್ತೊಮ್ಮೆ ಹಾಕಿದಳು. ರಾಚಯ್ಯ ಕೈಕಟ್ಟಿಕೊಂಡು ಪಡಸಾಲೆಯಲ್ಲಿ ಶತಪಥ ತಿರುಗುತ್ತಿದ್ದ.

ಅಜ್ಜನವರು ಬಂದು ಕುಳಿತರು. ಪಕ್ಕದಲ್ಲಿ ರಾಚಯ್ಯ, ಎದುರಿಗೆ ಗಿರಿಜಾ. ಬಿಸಿ ರೊಟ್ಟಿ, ಪಲ್ಯ, ಮೊಸರು ಬಡಿಸಿದ ನೀಲವ್ವ ಸೆರಗು ಸರಿಮಾಡಿಕೊಂಡು ಬಾಗಿಲ ಮರೆಗೆ ಸರಿದಳು. ಅಜ್ಜನವರು ತಾಟಿಗೆ ಕೈ ಹಚ್ಚಲಿಲ್ಲ.

"ಅಡಗಿ ಮಾಡಿದಾಕಿ ಎಲ್ಲಿ?"

"ಆಕಿ ಆಮ್ಯಾಲೆ ಉಣ್ತಾಳ್ರೀ," ಎಂದ ರಾಚಯ್ಯ.

"ಆಕಿ ಕೂತ ಮ್ಯಾಲೆ ನಾ ಉಣ್ತೀನಿ."

ನೀಲವ್ವ ನಾಚುತ್ತ ಬಂದು ಮಗಳ ಪಕ್ಕ ಕುಳಿತಳು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅವಳು ಗಂಡನೆದುರು ಕುಳಿತು ಉಣ್ಣುತ್ತಿರುವುದು ಇದೇ ಮೊದಲೆಂದು ರಾಚಯ್ಯನಿಗೆ ಆಗ ಹೊಳೆಯಿತು. ಗಿರಿಜಾ ರೊಟ್ಟಿಯ ಅಂಚನ್ನಷ್ಟೇ ಮೊದಲು ತಿಂದು ಮುಗಿಸುವುದನ್ನೂ ಅವನು ಅಂದೇ ಕಂಡದ್ದು. ಅವಳನ್ನೇ ನೋಡುತ್ತ, ತನ್ನ ನಾಲಗೆಯ ಚಿಂತೆ ಮರೆತು, ಒಂದು ತುತ್ತು ಬಾಯಿಗಿಟ್ಟ. ಮುಖ ಕಿವುಚಿದ.

"ಅಯ್ಯ! ಎಷ್ಟ್ ಉಪ್ಪು ಹಾಕೀಯಲ್ಲ!"

ನೀಲವ್ವನ ಕೈ ನಿಂತಿತು. ಆದರೆ ರಾಚಯ್ಯ ಬಿಟ್ಟ ಬಾಯಿ ಬಿಟ್ಟಂತೆಯೇ ಕುಳಿತಿದ್ದ. ಅವಸರದಿಂದ ಇನ್ನೊಂದು ತುತ್ತು ತಿಂದ.

"ನೀಲಾ, ಉಪ್ಪು ತಿಳೀತು! ಹುಳೀನೂ ತಿಳ್ಯಾಕತ್ತೈತಿ!"

ಗಿರಿಜಾ ಕಿಸಕ್ಕನೆ ನಕ್ಕಳು. ಅಷ್ಟು ಹೊತ್ತೂ ಅದೇ ಪಲ್ಯವನ್ನು ಸದ್ದಿಲ್ಲದೆ ಉಣ್ಣುತ್ತಿದ್ದ ಅಜ್ಜನವರು, "ಇನ್ನೊಂಚೂರು ಹಾಕವ್ವಾ, ಭಾಳ ಚಲೋ ಆಗೇತಿ," ಎಂದು ತಾಟು ಮುಂದೆ ಹಿಡಿದರು. ಮನೆಯವರೆಲ್ಲ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕಾಲಿಗೆರಗಲು ಎದ್ದ ರಾಚಯ್ಯನನ್ನು ಅಜ್ಜನವರು ತಡೆದರು. "ಉಣ್ಣೂದು ಬಿಟ್ಟು ಏಳಬಾರದು. ಕೂಡು."

ಅಂದಿನಿಂದ ರಾಚಯ್ಯ, ಮದುವೆಯ ಕೆಲಸವಿಲ್ಲದ ದಿನಗಳಲ್ಲಿ ಊಟ ಮನೆಯಲ್ಲೇ, ಎಲ್ಲರೊಡನೆಯೇ ಎಂದು ನೇಮ ಮಾಡಿಕೊಂಡ. ನೀಲವ್ವನಿಗೂ ಬಿಸಿ ರೊಟ್ಟಿ ಸಿಗಲೆಂದು ಒಂದು ದಿನ ಅವಳನ್ನು ಕೂರಿಸಿ ತಾನೇ ಒಲೆಯ ಮುಂದೆ ಕುಳಿತ. ಸಾವಿರ ಜನಕ್ಕೆ ಬಡಿಸಿದರೂ ರೊಟ್ಟಿ ತಟ್ಟಿ ರೂಢಿಯಿಲ್ಲದವನ ಕೈಯಲ್ಲಿ ಅದು ಮೂರು ಮೂಲೆಯಾಗಿ ಬಂತು, ಒಂದು ಬದಿ ಕರಕಲಾಯಿತು. ನೀಲವ್ವ ಮುರಿದು ಬಾಯಿಗಿಟ್ಟು, "ಸೀದೈತಿ," ಎಂದಳು. ಮತ್ತೆ ನಗುತ್ತ, "ಇನ್ನೊಂದು ಹಾಕ್ರಿ," ಎಂದು ತಾಟು ಚಾಚಿದಳು.