ಕೆರೆ ದಡದಲ್ಲಿ ಹೂಡಿದ ಒಲೆ

ಹುಡುಗರ ಬೇಸಿಗೆ ಶಿಬಿರದಲ್ಲಿ ಮೂರು ದಿನದಿಂದ ಒಂದೇ ಗೋಳು. ಮುಖ್ಯಸ್ಥ ಶಾಂತವೀರಪ್ಪನವರು ಬೆಳಿಗ್ಗೆ ಐದೂವರೆಗೆ ಕೆನ್ನೆ ಉಬ್ಬಿಸಿ ಸೀಟಿ ಊದುತ್ತಿದ್ದರು. ಡೇರೆಯೊಳಗಿನ ನಲವತ್ತು ಹುಡುಗರು ಮಗ್ಗುಲು ಬದಲಿಸುತ್ತಿದ್ದರು, ಅಷ್ಟೇ. ಕೊನೆಗೆ ಅವರ ಸಿಟ್ಟು ಅಡುಗೆಯ ಕೆಂಚಣ್ಣನ ಮೇಲೆ ತಿರುಗಿತು.

“ನೀನು ಹೊಟ್ಟೆ ಬಿರಿಯುವಷ್ಟು ಬಡಿಸೋದಕ್ಕೇ ಇವರು ಏಳೋದಿಲ್ಲ. ನಾಳೆ ಸೀಟಿ ಊದೋ ಹೊತ್ತಿಗೆ ಎಲ್ಲರೂ ಎದ್ದಿರಬೇಕು. ಇಲ್ಲದಿದ್ದರೆ ಶಿಬಿರ ಮುಗಿಯೋವರೆಗೂ ಬರೀ ಗಂಜಿ.”

“ಆಗಲಿ ಸಾರ್. ಒಲೆ ಸ್ವಲ್ಪ ಆಚೀಚೆ ಇಟ್ಟುಕೊಳ್ಳಲಾ?”

“ಎಲ್ಲಾದರೂ ಇಟ್ಟುಕೋ.”

ಬೆಳಗಿನ ಗಾಳಿ ಕೆರೆ ಕಡೆಯಿಂದ ಡೇರೆಗಳತ್ತ ಬೀಸುತ್ತದೆಂದು ಕೆಂಚಣ್ಣನಿಗೆ ಗೊತ್ತಿತ್ತು. ಮಲಗಿದ ಮಕ್ಕಳಿಗೆ ಹೊಗೆ ಹೊಡೆಯದಿರಲೆಂದೇ ಅವನು ಇಷ್ಟು ದಿನ ಇನ್ನೊಂದು ಬದಿಗೆ ಒಲೆ ಹೂಡಿದ್ದ. ಮರುದಿನ ಐದಕ್ಕೆಲ್ಲ ಕೆರೆ ದಡದಲ್ಲಿ ಒಲೆ ಹಚ್ಚಿ, ಕಾದ ಎಣ್ಣೆಗೆ ಈರುಳ್ಳಿ ಬಜ್ಜಿ ಬಿಟ್ಟ.

ಐದೂಕಾಲಿಗೆ ಒಲೆಯ ಮುಂದೆ ತಟ್ಟೆ ಹಿಡಿದವರ ಸಾಲು ನಿಂತಿತ್ತು. ಕೆಂಚಣ್ಣ ಎಣಿಸಿದ. ನಲವತ್ತೊಂದು. ಎಲ್ಲರಿಗಿಂತ ಮುಂದೆ, ಲುಂಗಿಯಲ್ಲಿ, ಶಾಂತವೀರಪ್ಪನವರೇ.

ಸ್ವಲ್ಪ ಹೊತ್ತಿಗೆ ಕೆಂಚಣ್ಣ ಮೆಲ್ಲಗೆ ನೆನಪಿಸಿದ: “ಸಾರ್, ಐದೂವರೆ ಆಯ್ತು. ಸೀಟಿ.”

ಅವರು ಕೊರಳಲ್ಲಿದ್ದ ಸೀಟಿ ಎತ್ತಿದರು. ಬಾಯಲ್ಲಿ ಜಾಗ ಇರಲಿಲ್ಲ.