ತುಪ್ಪದ ಕಲೆಯೂ ರಿಮೂವರ್ ಶೀಶೆಯೂ

ಮದುವೆಯೂಟದಲ್ಲಿ ವಾರಿಜಮ್ಮನ ಕಂದು ಬಣ್ಣದ ಚರ್ಮದ ಬ್ಯಾಗಿನ ಮೇಲೆ ಹೋಳಿಗೆಯ ತುಪ್ಪ ಬಿದ್ದು ಕಾಸಿನಗಲ ಕಲೆಯಾಯಿತು. ಮನೆಗೆ ಬಂದ ಬ್ಯಾಗು ಕಡಲೆಹಿಟ್ಟಿನ ಡಬ್ಬಿಯ ಮುಂದೆ ಗೋಳಾಡಿತು.

"ಹೆದರಬೇಡ ತಾಯಿ," ಎಂದಿತು ಕಡಲೆಹಿಟ್ಟು. "ಎಣ್ಣೆಸ್ನಾನದ ದಿನ ಈ ಮನೆಯವರ ಮೈಯ ಜಿಡ್ಡು ತೆಗೆಯುವುದು ನಾನೇ. ನೀನೂ ಚರ್ಮವೇ ತಾನೆ? ನನ್ನನ್ನು ಹೊದ್ದು ಎರಡು ದಿನ ಸುಮ್ಮನೆ ಮಲಗು."

"ಎರಡು ದಿನವೇ! ನಾಳೆಯೇ ನಾಮಕರಣಕ್ಕೆ ಹೋಗಬೇಕಲ್ಲ!"

ಅಷ್ಟರಲ್ಲಿ ಕನ್ನಡಿಯ ಬಳಿಯಿಂದ ನೇಲ್ ಪಾಲಿಶ್ ರಿಮೂವರಿನ ಶೀಶೆ ಕೂಗಿತು: "ಇತ್ತ ಬಾ. ನನಗೆ ಒಂದು ನಿಮಿಷ ಸಾಕು."

ಬ್ಯಾಗು ಓಡಿತು. ಶೀಶೆ ಹತ್ತಿಯನ್ನು ತನ್ನೊಳಗೆ ಅದ್ದಿ ಗಸಗಸನೆ ಉಜ್ಜಿತು. ಕಲೆ ಮಾಯವಾಯಿತು. ಬ್ಯಾಗು ಹಿಗ್ಗಿನಿಂದ ಕನ್ನಡಿ ನೋಡಿದ್ದೇ ಕಿಟಾರನೆ ಕಿರುಚಿತು. ಕಾಸಿನಗಲ ಕಲೆಯಿದ್ದ ಜಾಗದಲ್ಲಿ ಅಂಗೈಯಗಲ ಬಿಳಿಚಿದ ತೊಗಲು!

"ಅಯ್ಯೋ ಪಾಪಿ! ನನ್ನ ಬಣ್ಣವೆಲ್ಲಿ?"

ಶೀಶೆ ಕಂದಾಗಿದ್ದ ಹತ್ತಿಯನ್ನು ತಿರುಗಿಸಿ ನೋಡಿತು. "ಇದು ನಿನ್ನ ಬಣ್ಣವೇ? ನನ್ನ ಕಣ್ಣಿಗೆ ಅಂಟಿಕೊಂಡಿದ್ದೆಲ್ಲ ಕಲೆಯೇ," ಎಂದು ಹೊಸ ಹತ್ತಿ ಅದ್ದಿತು. "ಅಲುಗಾಡಬೇಡ. ನಿನ್ನ ಮೈಮೇಲೆ ಇನ್ನೂ ಬಹಳ ಉಳಿದಿದೆ."