ಆರದ ದೀಪ, ಅರಳದ ಸೇವಂತಿಗೆ

ಕೊಟ್ರಪ್ಪನ ಮಗಳು ಚೆನ್ನವ್ವನಿಗೆ ಕತ್ತಲೆಂದರೆ ಅಂಜಿಕೆ. ಮನೆಯಲ್ಲಿ ಎಲ್ಲರೂ ಅವಳನ್ನು ಚೆನ್ನಿ ಎನ್ನುತ್ತಿದ್ದರು. ಎಲ್ಲರೂ ಎಂದರೆ ಇಬ್ಬರೇ, ಅಪ್ಪ ಕೊಟ್ರಪ್ಪ ಮತ್ತು ಅವ್ವ ನೀಲವ್ವ. ಅವರ ಮನೆ ಊರ ಹೊರಗೆ, ಹೂವಿನ ಹೊಲದಲ್ಲೇ ಇತ್ತು. ಸುತ್ತಮುತ್ತ ಬೇರೆ ಮನೆಗಳಿರಲಿಲ್ಲ. ಹಾಗಾಗಿ ಅಲ್ಲಿಯ ಕತ್ತಲೆ ಊರೊಳಗಿನ ಕತ್ತಲೆಗಿಂತ ದಟ್ಟ. ಮಲಗುವಾಗ ಚೆನ್ನಿಯದು ದಿನಾಲೂ ಒಂದೇ ಮಾತು.

"ಅಪ್ಪಾ, ದೀಪಾ ಆರಿಸಬ್ಯಾಡ."

"ಆರಿಸಂಗಿಲ್ಲ. ಮಲಕ್ಕೋ ನಮ್ಮವ್ವ."

"ನನಗ ನಿದ್ದಿ ಹತ್ತಿದ ಮ್ಯಾಲೆ ಆರಸ್ತಿ. ನನಗ ಗೊತ್ತೈತಿ."

"ನಿದ್ದಿ ಹತ್ತಿದಾಕಿಗೆ ಹೆಂಗ ಗೊತ್ತಾಕ್ಕೈತಿ?" ಎಂದು ಕೊಟ್ರಪ್ಪ ನಗುತ್ತಿದ್ದ. ಆದರೆ ಆರಿಸುತ್ತಿರಲಿಲ್ಲ.

ಹೊಲದಲ್ಲಿ ಒಂದು ಸಾಲು ಸೇವಂತಿಗೆ ಚೆನ್ನಿಯದು. ಅವಳದು ಎಂದರೆ ಅವಳೇ ನೆಟ್ಟದ್ದು, ಅವಳೇ ನೀರು ಹಾಕಿದ್ದು, ಬೇರೆಯವರು ಒಂದು ಹೂವು ಕಿತ್ತರೂ ಜಗಳ. ಗೌರಿ ಹುಣ್ಣಿಮೆಗೆ ಹುಡುಗಿಯರು ಸಕ್ಕರೆ ಗೊಂಬೆಗಳ ಆರತಿ ಹಿಡಿದು ಗೌರಿಗೆ ಬೆಳಗಲು ಹೋಗುತ್ತಾರಲ್ಲ, ಆ ದಿನ ಚೆನ್ನಿ ತನ್ನ ಸಾಲಿನ ಹೂವನ್ನೇ ಜಡೆಯ ತುಂಬ ಮುಡಿದು ಹೋದಳು. ಹುಣ್ಣಿಮೆ ಕಳೆದ ವಾರದಲ್ಲೇ ಅವಳಿಗೆ ಜ್ವರ ಬಂತು. ಆಸ್ಪತ್ರೆಗೆ ಹೋಗಿ ಬಂದರು. ಇಳಿದ ಜ್ವರ ಮತ್ತೆ ಏರಿತು. ಅಂಥದರಲ್ಲೇ ಒಂದು ರಾತ್ರಿ ಕರೆಂಟು ಹೋಯಿತು.

"ಅಪ್ಪಾ, ದೀಪಾ," ಎಂದಳು ಚೆನ್ನಿ.

ಕೊಟ್ರಪ್ಪ ಕಡ್ಡಿಪೆಟ್ಟಿಗೆಗಾಗಿ ಗೂಡುಗಳಲ್ಲೆಲ್ಲ ತಡಕಾಡಿದ. ಸಿಕ್ಕಿತು, ಕಂದೀಲು ಹಚ್ಚಿದ. ಅಷ್ಟರಲ್ಲಿ ಮಗಳು ಹೋಗಿದ್ದಳು. ಅಂದರೆ ಕತ್ತಲಿಗೆ ಅಂಜುವ ಕೂಸು ಕತ್ತಲಲ್ಲೇ ಜೀವ ಬಿಟ್ಟಿತ್ತು. ಮುಂದಿನದೆಲ್ಲ ನಡೆದದ್ದು ಈ ಒಂದು ಕಾರಣಕ್ಕೆ.

ಅವರ ಜನದಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುವ ರೂಢಿ. ಹೊಲದ ಒಂದು ಮೂಲೆಯಲ್ಲಿ ಚೆನ್ನಿಯನ್ನು ಮಣ್ಣು ಮಾಡಿ, ಮೇಲೆ ಕಲ್ಲಿನ ಗದ್ದುಗೆ ಕಟ್ಟಿಸಿದರು. ಗದ್ದುಗೆ ಎಂದರೆ ಸಮಾಧಿಯ ಕಟ್ಟೆ. ಕೊಟ್ರಪ್ಪ ಮನೆಯಿಂದ ವೈರು ಎಳೆದು, ಗದ್ದುಗೆಯ ಪಕ್ಕ ಕಂಬ ನೆಟ್ಟು, ದೊಡ್ಡದೊಂದು ಬಲ್ಬು ಹಾಕಿದ. ಸಂಜೆಗೆ ಹತ್ತಿದರೆ ಅದು ಬೆಳಗಿನವರೆಗೂ ಉರಿಯುತ್ತಿತ್ತು. ಕರೆಂಟು ಹೋದರೆ ಕಂದೀಲು ಹಿಡಿದು ತಾನೇ ಅಲ್ಲಿ ಹೋಗಿ ಕೂರುತ್ತಿದ್ದ.

ಮಳೆಗಾಲ ಬಂತು. ಚೆನ್ನಿಯ ಸಾಲಿನ ಗಿಡಗಳ ಬುಡದಲ್ಲಿ ಕಂದುಗಳು, ಅಂದರೆ ಮರಿಸಸಿಗಳು, ಒಡೆದಿದ್ದವು. ಕೊಟ್ರಪ್ಪ ಅವನ್ನು ಬಿಡಿಸಿ ತಂದು ಗದ್ದುಗೆಯ ಸುತ್ತ ನೆಟ್ಟ.

"ವರ್ಷದ ದಿನ ಗದ್ದಿಗಿ ತುಂಬ ಈ ಗಿಡದ್ದ ಹೂವು ಏರಸಬೇಕು," ಎಂದು ಹೆಂಡತಿಗೆ ಹೇಳಿದ. "ಬ್ಯಾರೆ ಹೂವು ಒಂದೂ ಬ್ಯಾಡ. ಆಕಿ ಹೂವು ಆಕಿಗೆ."

ಅವನಿಗೆ ಉಳಿದಿದ್ದ ಆಸೆ ಅದೊಂದೇ.

ದಸರೆಗೆ ಮುಂಚಿನ ಮಾನಮಿ ಅಮಾವಾಸ್ಯೆಯ ಹೊತ್ತಿಗೆ ಹೊಲದ ಆಚೆ ತುದಿಯ ಸೇವಂತಿಗೆಗಳಲ್ಲಿ ಮೊಗ್ಗು ಕಾಣಿಸಿತು. ಗದ್ದುಗೆಯ ಸುತ್ತಲಿನ ಗಿಡಗಳು ಮಾತ್ರ ಎತ್ತರಕ್ಕೆ ಬೆಳೆಯುತ್ತಲೇ ಇದ್ದವು. ಎಲೆಗಳು ಹಸಿರೋ ಹಸಿರು, ಮೊಗ್ಗಿಲ್ಲ. ಹೂವು ಕಟ್ಟಿ ಮಾರುವ ಹನುಮವ್ವ ಒಂದು ದಿನ ಬಂದವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಕೊಟ್ರಪ್ಪಣ್ಣ, ಇವು ಸೇವಂತಿಗಿ ಗಿಡಾನೋ, ಪುಂಡಿಪಲ್ಲೆ ಸೊಪ್ಪಿನ ಮಡಿಯೋ? ಯಾರ ಕಣ್ಣು ತಾಗೇತಿ ನೋಡು."

ಕೊಟ್ರಪ್ಪ ದೃಷ್ಟಿಗೆಂದು ಹಳೆ ಚಪ್ಪಲಿ ಕಟ್ಟಿದ. ತಿಪ್ಪೆಗೊಬ್ಬರ ಹಾಕಿದ. ಮೊಗ್ಗು ಬರಲಿಲ್ಲ. ಮಗಳಿಗೆ ತನ್ನ ಮೇಲೆ ಸಿಟ್ಟಿದೆ, ಅದಕ್ಕೇ ಹೂವು ಕೊಡುತ್ತಿಲ್ಲ ಎಂಬುದು ಅವನ ಮನಸ್ಸಿನಲ್ಲಿ ಬೇರೂರಿತು.

ನೀಲವ್ವ ಕಳೆ ಕೀಳುವಾಗ ಒಂದು ಸಂಗತಿ ಕಂಡಳು. ಗದ್ದುಗೆಯ ಹಿಂಬದಿಯಲ್ಲಿ ಬಲ್ಬಿನ ಬೆಳಕು ಬೀಳುತ್ತಿರಲಿಲ್ಲ, ಕಲ್ಲು ಅಡ್ಡವಾಗುತ್ತಿತ್ತು. ಆ ನೆರಳಿನಲ್ಲಿದ್ದ ಒಂದೇ ಒಂದು ಗಿಡದಲ್ಲಿ ಕಾಳಿನಷ್ಟು ಗಾತ್ರದ ಮೊಗ್ಗುಗಳಿದ್ದವು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಒಮ್ಮೆ ಬಲ್ಬನ್ನು, ಒಮ್ಮೆ ಗಿಡವನ್ನು ನೋಡಿದಳು. ಆಮೇಲೆ ಗಂಡನನ್ನು ಕರೆದು ತೋರಿಸಿದಳು.

"ಇವಕ್ಕ ರಾತ್ರಿ ಬೇಕಾಗೇತಿ. ದೀಪಾ ಆರಿಸೋಣು."

ಕೊಟ್ರಪ್ಪನ ಮುಖ ಕಪ್ಪಿಟ್ಟಿತು. "ಆಕಿನ್ನ ಕತ್ತಲದಾಗ ಕುಂದರಸ್ತಿಯೇನು? ಹಡದಾಕಿ ಹೌದಲ್ಲೋ ನೀ?"

"ಹಡದಾಕಿ ನಾನ. ಅದಕ್ಕ ಹೇಳಾಕತ್ತೀನಿ. ಆಕಿ ಅಂಜಿಕಿ ಆಕಿ ಕೂಡ ಹೋತು. ಈಗಿರೋ ಅಂಜಿಕಿ ನಿಂದು."

ಕೊಟ್ರಪ್ಪ ಮರುದಿನ ಪೇಟೆಗೆ ಹೋಗಿ ಇನ್ನೊಂದು ಬಲ್ಬು ತಂದು ಗದ್ದುಗೆಯ ಹಿಂಬದಿಗೂ ಹಾಕಿದ. ಅಲ್ಲೊಂದಿಷ್ಟು ಕತ್ತಲೆ ಉಳಿದಿದೆ ಎಂದು ಅವನಿಗೆ ಗೊತ್ತಾದದ್ದೇ ಹೆಂಡತಿ ತೋರಿಸಿದ ಮೇಲೆ.

ಇಲ್ಲಿ ಗಿಡದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೇವಂತಿಗೆಗೆ ಪಂಚಾಂಗ ಗೊತ್ತಿಲ್ಲ. ಹೂಬಿಡುವ ಕಾಲ ಬಂತೆಂದು ಅದಕ್ಕೆ ತಿಳಿಯುವುದು ರಾತ್ರಿಯಿಂದ. ಬೇಸಿಗೆಯಲ್ಲಿ ಹಗಲು ಉದ್ದ, ಆಗ ಗಿಡ ಬರೀ ಎಲೆ ಬಿಡುತ್ತ ಬೆಳೆಯುತ್ತದೆ. ಮಳೆಗಾಲ ಮುಗಿಯುತ್ತ ಹಗಲು ಕುಗ್ಗಿ ರಾತ್ರಿ ಬೆಳೆಯುತ್ತದೆ. ಆ ಕತ್ತಲಿನ ಉದ್ದವನ್ನು ಎಲೆಗಳು ಅಳೆಯುತ್ತವೆ. ಕತ್ತಲು ಸಾಕಷ್ಟು ಉದ್ದವಾಯಿತು, ನಡುವೆ ಎಲ್ಲಿಯೂ ತುಂಡಾಗಲಿಲ್ಲ ಎಂದಾದರೆ ಎಲೆಗಳಿಂದ ತುದಿಗೆ ಸುದ್ದಿ ಹೋಗುತ್ತದೆ, ತುದಿಯಲ್ಲಿ ಮೊಗ್ಗು ಕೂಡುತ್ತದೆ. ರಾತ್ರಿಯಿಡೀ ಬಲ್ಬು ಉರಿದರೆ ಗಿಡ ಅದನ್ನೂ ಹಗಲೆಂದೇ ತಿಳಿಯುತ್ತದೆ. ಊರಲ್ಲೆಲ್ಲ ಮಾನಮಿ ಬಂದಿತ್ತು. ಗದ್ದುಗೆಯ ಸುತ್ತಲಿನ ಗಿಡಗಳಿಗೆ ಇನ್ನೂ ಬೇಸಿಗೆಯೇ ಮುಗಿದಿರಲಿಲ್ಲ.

ನೆರಳಿನ ಗಿಡದ ಮೊಗ್ಗುಗಳೂ ಹೊಸ ಬೆಳಕಿಗೆ ನಿಂತುಹೋದವು. ಅವುಗಳ ಪಕ್ಕದಿಂದ ಎಲೆಗಳು ಹೊರಟವು.

ದೀಪಾವಳಿ ಹೋಯಿತು. ಗೌರಿ ಹುಣ್ಣಿಮೆಯೂ ಹೋಯಿತು. ಚೆನ್ನಿಯ ಓರಗೆಯ ಹುಡುಗಿಯರು ಆರತಿ ಹಿಡಿದು ಹಾಡುತ್ತ ಹೋದರು, ಗಾಳಿಯಲ್ಲಿ ಆ ಹಾಡು ಹೊಲದವರೆಗೂ ಕೇಳಿಸಿತು. ನೀಲವ್ವ ಬಾಗಿಲು ಮುಂದಕ್ಕೆ ಹಾಕಿದಳು. ಅದಾದ ಎರಡು ವಾರಕ್ಕೆ ವರ್ಷದ ದಿನ ಬಂತು. ಮಠದ ಅಯ್ಯನವರು ಬಂದು ಗದ್ದುಗೆಗೆ ನೀರು ಹಾಕಿ, ವಿಭೂತಿ ಹಚ್ಚಿ, ಕೈ ಚಾಚಿದರು.

"ಹೂವು ಕೊಡ್ರಿ."

ಆಚೆ ತುದಿಯಿಂದ ಕಿತ್ತ ಹೂವಿನ ಬುಟ್ಟಿ ನೀಲವ್ವನ ಸೆರಗಿನ ಮರೆಯಲ್ಲಿತ್ತು. ಹೀಗಾಗುತ್ತದೆಂದು ಗೊತ್ತಿದ್ದೇ ಅವಳು ತಂದಿದ್ದಳು. ಕೊಟ್ರಪ್ಪ ಅದನ್ನು ಮುಟ್ಟಲಿಲ್ಲ. ಎದೆಯುದ್ದ ನಿಂತ ಗಿಡಗಳ ನಡುವೆ ಒಂದು ಸುತ್ತು ಹುಡುಕಿದ. ಕೊನೆಗೆ ಒಂದು ಹಿಡಿ ಎಲೆ ಹರಿದು ತಂದು ಅಯ್ಯನವರ ಕೈಗೆ ಕೊಟ್ಟ. ಸೇವಂತಿಗೆಯ ಎಲೆಗೂ ಹೂವಿನಂಥದೇ ವಾಸನೆ ಇರುತ್ತದೆ. ಅಯ್ಯನವರು ಏನೂ ಕೇಳದೆ ಎಲೆಯನ್ನೇ ಏರಿಸಿದರು.

ಅಂದು ಸಂಜೆ ಕೊಟ್ರಪ್ಪ ಸ್ವಿಚ್ಚಿನ ಹತ್ತಿರ ನಿಂತ. "ಚೆನ್ನೀ, ಆರಿಸ್ಲೇನವಾ?" ಎಂದ. ಉತ್ತರ ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಆದರೂ ಬಹಳ ಹೊತ್ತು ಕಾದ. ನಂತರ ಆರಿಸಿ ಗದ್ದುಗೆಗೆ ಬೆನ್ನು ಕೊಟ್ಟು ಕೂತ. ಕತ್ತಲಲ್ಲಿ ಎರಡು ಸಲ ಎದ್ದು ಸ್ವಿಚ್ಚಿನವರೆಗೆ ಹೋಗಿ, ಹಚ್ಚದೆ ತಿರುಗಿ ಬಂದ. ಅಂಜಿಕೆ ತನ್ನದೇ, ಹೆಂಡತಿ ಹೇಳಿದ್ದು ನಿಜ ಎಂದು ಅವನಿಗೆ ಆಗ ಅರ್ಥವಾಯಿತು.

ಗಿಡಗಳು ಯಾರ ಮೇಲೂ ಸಿಟ್ಟು ಇಟ್ಟುಕೊಂಡಿರಲಿಲ್ಲ. ಅಂದಿನಿಂದ ದಿನಾಲೂ ರಾತ್ರಿ ಸಿಕ್ಕಿತು, ಅವು ಮೊಗ್ಗು ಬಿಟ್ಟವು. ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾನೆ ಗದ್ದುಗೆಯ ಸುತ್ತ ಹಳದಿ ಹೂವು ತುಂಬಿತು. ಹೊಲದಲ್ಲಿ ಬೇರೆಲ್ಲಿಯೂ ಆಗ ಹೂವಿರಲಿಲ್ಲ. ಕೊಟ್ರಪ್ಪ ನೋಡುತ್ತ ನಿಂತ.

"ನೀಲವ್ವಾ, ಇವತ್ತೇನು ದಿನ?"

"ಇವತ್ತೇನೂ ಇಲ್ಲ."

"ಏನೂ ಇಲ್ಲೇನು?"

"ಏನೂ ಇಲ್ಲ," ಎಂದಳು ನೀಲವ್ವ.

ಮೊದಲ ವರ್ಷದ ದಿನ ಒಂದೇ ಸಲ ಬರುತ್ತದೆ. ಅವನು ಹೂವು ಹರಿಯಲಿಲ್ಲ. ಅವು ಗಿಡದಲ್ಲೇ ಬಾಡಿ, ಒಣಗಿ, ಗದ್ದುಗೆಯ ಕಲ್ಲಿನ ಮೇಲೆ ಉದುರಿದವು.

ನೀತಿ: ನಾವು ಪ್ರೀತಿಸುವವರಿಗೆ ಏನು ಬೇಕೆಂದು ನೋಡಬೇಕು. ಅದನ್ನು ಬಿಟ್ಟು ನಮ್ಮ ಅಂಜಿಕೆ ಕೇಳಿದ್ದನ್ನೇ ಅವರಿಗೆ ಕೊಡುತ್ತ ಹೋದರೆ, ನಾವು ಹಚ್ಚಿದ ದೀಪವೇ ಅವರಿಗೆ ಅಡ್ಡವಾಗುತ್ತದೆ. ಕೆಲವು ಹೂವು ಅರಳುವುದು ನಾವು ಕತ್ತಲೆಯನ್ನು ತಾಳಿಕೊಂಡಾಗ ಮಾತ್ರ. ತಡವಾಗಿ ತಾಳಿಕೊಂಡರೂ ಹೂವು ಬರುತ್ತದೆ, ಆದರೆ ಆ ಹೂವು ಏರಿಸಬೇಕಾಗಿದ್ದ ದಿನ ತಿರುಗಿ ಬರುವುದಿಲ್ಲ.